ಗೋಚಾನ ಟಾರ್ಚು

ಗ್ಯಾಸಿನ ಮೀಟರು ಓದಲು ಬಂದವನು
ಹೋಗುವಾಗ ಬಾಗಿಲು ಸರಿಯಾಗಿ ಹಾಕಲಿಲ್ಲ.
ಅಷ್ಟೇ ನಡೆದದ್ದು.

ಎಂಟು ವರ್ಷ ಹೊಸ್ತಿಲು ದಾಟದ ಬೆಕ್ಕು,
ಪಾರಿವಾಳಗಳನ್ನು ಗಾಜಿನ ಈಚೆಯಿಂದಷ್ಟೇ ಬೈದು ಗೊತ್ತಿದ್ದ ಬೆಕ್ಕು.
ಹೆಸರು ಲೋಬಿಯೊ. ನಮ್ಮಲ್ಲಿ ಬೀನ್ಸ್ ಕಾಳಿನ ಅಡುಗೆಗೆ ಹಾಗನ್ನುತ್ತಾರೆ;
ಮೈಮೇಲೆಲ್ಲ ಅದೇ ಬಣ್ಣದ ಚುಕ್ಕೆ.

ಮೊದಲ ದಿನ ಸೊಲೊಲಾಕಿಯ ಓಣಿಯುದ್ದಕ್ಕೂ ಕೂಗಿದೆ,
ಗುಡ್ಡದ ಮೆಟ್ಟಿಲು ಹತ್ತಿ, ಚರ್ಚಿನ ಬೆನ್ನಿಗೆ ಸುತ್ತಿ,
ಗಂಧಕದ ನೀರಿನ ಸ್ನಾನದ ಮನೆಗಳ ತನಕ.
ತ್ಬಿಲಿಸಿಯ ಬೀದಿಬೆಕ್ಕುಗಳೆಲ್ಲ ಬಂದವು,
ಅದೊಂದು ಬಿಟ್ಟು.

ಮಹಡಿಯ ಎತೇರಿ ಅಜ್ಜಿ ಬಗ್ಗಿ ಹೇಳಿದಳು:
"ದೂರ ಹೋಗಿರಲ್ಲ ತ್ಸಿಯಾಲಾ. ಮನೆಬೆಕ್ಕಿಗೆ ಲೋಕ ಗೊತ್ತಿಲ್ಲ.
ಹೆದರಿದ ಬೆಕ್ಕು ಓಗೊಡುವುದಿಲ್ಲ,
ನೀನು ಮೂರು ಮೊಳ ಆಚೆ ನಿಂತು ಕರೆದರೂ.
ತೊಳೆಯದ ದಿಂಬಿನ ಚೀಲ ಬಾಲ್ಕನಿಗೆ ಕಟ್ಟು.
ಕೂಗಬೇಡ. ಕೂತು ಮಾತಾಡು."

ಕಟ್ಟಿದೆ. ನನ್ನ ಬೆವರು, ಹಿಟ್ಟು, ಹೊಗೆ
ಸೋತ ದೇಶದ ಬಾವುಟದ ಹಾಗೆ
ಅಂಗಳದ ಮೇಲೆ ಜೋತಿತು.

ನಾನು ರೊಟ್ಟಿ ಸುಡುವವಳು.
ಊರು ಮಲಗಿದ ಹೊತ್ತಲ್ಲಿ ಬಾವಿಯಂಥ ಒಲೆಗೆ
ಸೊಂಟದ ತನಕ ಬಗ್ಗಿ
ಗೋಡೆಗೆ ಹಿಟ್ಟು ಬಡಿಯುವವಳು.
ಕತ್ತಲು ನನಗೆ ಹೊಸತಲ್ಲ.
ಆದರೂ ಆ ಹತ್ತು ರಾತ್ರಿ
ಕಾಲು ಸುಟ್ಟ ಬೆಕ್ಕಿನ ಹಾಗೆ ನಾನೇ ಓಡಾಡಿದೆ.
ಒಂದು ದಿನ ಉಪ್ಪು ಎರಡು ಸಲ ಬಿತ್ತು.
ಗಿರಾಕಿಗಳು ಏನೂ ಅನ್ನದೆ ತಿಂದರು.

ಹುಡುಕದೆ ಉಳಿದದ್ದು ಒಂದೇ ಜಾಗ:
ಗೋಚಾನ ನೆಲಮಾಳಿಗೆ.

ಗೋಚಾನೊಡನೆ ಮಾತು ಬಿಟ್ಟು ಹನ್ನೊಂದು ವರ್ಷ.
ಬಾಲ್ಕನಿಗೆ ಗಾಜು ಹಾಕಿಸಿ
ನನ್ನ ದ್ರಾಕ್ಷಿ ಬಳ್ಳಿಯ ಬಿಸಿಲು ತಿಂದ.
ನಾನು ಪುರಸಭೆಗೆ ಬರೆದೆ.
ನಾನು ಬರೆದದ್ದರ ಮೇಲೆ ಅವನು ಬರೆದ.
ಎಂಜಲು ಕೈಯಲ್ಲಿ ಕಾಗೆ ಓಡಿಸದವನು
ಎಂದು ಓಣಿಗೆಲ್ಲ ಸಾರಿದವಳು ನಾನೇ.

ಹನ್ನೊಂದನೆಯ ರಾತ್ರಿ ಒಂದೂವರೆಗೆ
ಬಾಗಿಲು ತಟ್ಟಿದೆ.
ತೆರೆದ. ಬನಿಯನ್ನು, ಒಂದೇ ಕಾಲಿಗೆ ಚಪ್ಪಲಿ.
ಏನೇನೋ ಜೋಡಿಸಿಕೊಂಡು ಮೆಟ್ಟಿಲು ಇಳಿದಿದ್ದೆ.
"ಬೆಕ್ಕು" ಅಂದೆ.
ಅವನು ಒಳಗೆ ಹೋಗಿ ಟಾರ್ಚು ತಂದ.

ವೈನಿನ ಗಾಜಿನ ಬುರುಡೆಗಳು, ಮುರಿದ ಮಂಚ,
ಅವನ ಮಗಳ ಪುಟ್ಟ ಸೈಕಲ್ಲು
(ಅದರ ಗಂಟೆ ನಾನು ಕೊಡಿಸಿದ್ದು).
ಗೋಚಾ ಮಂಡಿಯೂರಿ ಬೆಳಕನ್ನು ನೆಲದ ಮಟ್ಟಕ್ಕೆ ಹಿಡಿದ.
ಹಾಗೆ ಹಿಡಿಯಬೇಕೆಂದು ಅವನಿಗೆ ಗೊತ್ತಿತ್ತು.
ಕಲ್ಲಿದ್ದಲ ರಾಶಿಯ ಹಿಂದೆ
ಎರಡು ಹಸಿರು ನಾಣ್ಯ.

ಕರೆಯಲಿಲ್ಲ. ಕೂತು ಮಾತಾಡಿದೆ, ಗೋಡೆಗೆ:
ಹಿಟ್ಟಿನ ಬೆಲೆ ಏರಿದ್ದು, ಒಲೆಯ ಬಿರುಕು,
ಬಳ್ಳಿ ಈ ಸಲವೂ ಕಾಯಿ ಕಚ್ಚಿದ್ದು,
ನೆರಳಲ್ಲೇ.
ಬೆಕ್ಕು ಕೇಳಿಸಿಕೊಂಡಿತು. ಗೋಚಾನೂ ಕೇಳಿಸಿಕೊಂಡ.
ಬೆಳಕು ಒಂದಿಷ್ಟು ಅಲುಗಿತು.

ಮುಕ್ಕಾಲು ಗಂಟೆಯ ಮೇಲೆ,
ಹೊಟ್ಟೆ ನೆಲಕ್ಕೆ ಉಜ್ಜುತ್ತ, ಮಸಿ ಬಳಿದುಕೊಂಡು, ಅರ್ಧಕ್ಕರ್ಧ ಇಳಿದು
ಬಂದು, ನನ್ನ ಬೆರಳು ಮೂಸಿ
ಬಾಯಿ ತೆರೆಯಿತು.
ಸದ್ದೇ ಬರಲಿಲ್ಲ.

ಏಪ್ರನ್ನಿನಲ್ಲಿ ಸುತ್ತಿ ಎತ್ತಿಕೊಂಡೆ.
ಒಂದು ಹಿಡಿ ಮೂಳೆ, ಎರಡು ಎದೆಬಡಿತ,
ಯಾವುದು ಯಾರದೋ.

ಮನೆಯಲ್ಲಿ ನೀರು ಕುಡಿಯಿತು. ಮತ್ತೆ ಕುಡಿಯಿತು.
ಆಮೇಲೆ, ಮೀಟರಿನವನನ್ನು ಕರೆಸಿದ್ದೇ ನಾನು ಎಂಬಂತೆ,
ನನಗೆ ಬೆನ್ನು ಹಾಕಿ ಕಾಲು ನೆಕ್ಕತೊಡಗಿತು.

ಆ ಬೆಳಗ್ಗೆ ಅಂಗಡಿ ತಡವಾಗಿ ತೆರೆಯಿತು.
ಮೊದಲ ರೊಟ್ಟಿ ಪೇಪರಿನಲ್ಲಿ ಸುತ್ತಿ
ಗೋಚಾನ ಬಾಗಿಲ ಹಿಡಿಕೆಗೆ ಸಿಕ್ಕಿಸಿ ಬಂದೆ. ತಟ್ಟಲಿಲ್ಲ.

ಗಾಜು ಅಲ್ಲೇ ಇದೆ. ಬಳ್ಳಿ ನೆರಳಲ್ಲೇ ಇದೆ.
ಟಾರ್ಚು ನನ್ನ ಮೇಜಿನ ಮೇಲೆ,
ಸೆಲ್ಲು ಮುಗಿದು, ಬೆಕ್ಕಿನ ಪಕ್ಕ.
ಹಿಂದಿರುಗಿಸಬೇಕು.
ಹೊಸ ಸೆಲ್ಲು ತಂದಿಟ್ಟಿದ್ದೇನೆ;
ಹಾಕಿಲ್ಲ ಇನ್ನೂ.