ಕಿತ್ತ ಗೋಡೆಯ ನಕ್ಷೆ

ಬೇಗೂರು ಕೆರೆಯ ಹಿಂದೆ, ನೀರಿನ ಸಂಪಿಗೆಂದು ತೋಡಿದ ಗುಂಡಿಯಲ್ಲಿ
ನಾನು ನಕ್ಷೆ ಗೀಚುವವನು. ಇಲಾಖೆ ಕೊಟ್ಟದ್ದು ಹನ್ನೊಂದು ದಿನ,
ಒಂದು ಟೇಪು, ಎರಡು ತೂಗುಗುಂಡು, ಗ್ರಾಫ್ ಹಾಳೆಯ ಕಟ್ಟು.
ಹನ್ನೆರಡನೆಯ ದಿನ ಕಾಂಕ್ರೀಟು.

ಮೇಲಿಂದ ಬರೆಯುತ್ತ ಬರುತ್ತೇನೆ:
ಹಾಲಿನ ಕವರು, ಬಾಟಲಿ ಮುಚ್ಚಳ, ಯಾರದೋ ಹವಾಯಿ ಚಪ್ಪಲಿಯ ಬಾರು.
ಅದರ ಕೆಳಗೆ ಕೆರೆಯ ಹೂಳು, ಹುರಿದ ರಾಗಿಹಿಟ್ಟಿನ ಬಣ್ಣ.
ಅದರ ಕೆಳಗೆ ಬೂದಿ, ಬೆರಳು ದಪ್ಪ.
ಆಮೇಲೆ ಬಸದಿಯ ಮುನಿಗಳಿದ್ದ ಮನೆ,
ಅಂದರೆ, ಅದು ಇಲ್ಲ.

ಗೋಡೆ ಇಲ್ಲ. ಗೋಡೆಯ ಕಲ್ಲು ಕಿತ್ತ ಕಾಲುವೆ ಇದೆ,
ಕಿತ್ತವರೇ ಚೂರುಪಾರು ತುಂಬಿ ಹೋದದ್ದು.
ಆ ಕಲ್ಲು ಕೆರೆಯ ತೂಬಿಗೆ ಹೋಯಿತೋ, ಕೋಟೆಗೋ,
ಯಾರ ಹಿತ್ತಲಲ್ಲಿ ಬಟ್ಟೆ ಒಗೆಸಿಕೊಳ್ಳುತ್ತಿದೆಯೋ.
ಹಲ್ಲು ಬಿದ್ದ ಒಸಡಿನ ಮೇಲೆ ನಾಲಿಗೆ ಆಡಿಸಿದ ಹಾಗೆ
ಪೆನ್ಸಿಲು ಆಡಿಸುತ್ತೇನೆ:
ಇದು ಕೋಣೆ, ಇದೂ ಕೋಣೆ, ಇಲ್ಲಿ ಬಾಗಿಲಿರಬಹುದು.

ಸಾಹೇಬರ ಫೋನು. "ಏನಾದರೂ ಸಿಕ್ಕಿತೇನ್ರೀ? ವಿಗ್ರಹ? ಶಾಸನ?"
ಇಲ್ಲ ಸಾರ್.
"ಹೋಗಲಿ, ಪಾತ್ರೆ ಪಡಗ?"
ಅದೂ ಇಲ್ಲ. ಆ ಜನ ಬರಿಗೈಯಲ್ಲಿ ಉಂಡವರು,
ನಿಂತು, ದಿನಕ್ಕೊಮ್ಮೆ, ಬೊಗಸೆ ಒಡ್ಡಿ.
ನವಿಲುಗರಿಯ ಪಿಂಛ ಮಣ್ಣಿಗೆ ಒಂದು ಮಳೆಗಾಲದ ತುತ್ತು.
ಏನನ್ನೂ ಇಟ್ಟುಕೊಳ್ಳೆವೆಂದು ಆಣೆಯಿಟ್ಟವರ ಮನೆಯಲ್ಲಿ
ಇಟ್ಟದ್ದೇನೆಂದು ಹುಡುಕಲು ನನಗೆ ಸಂಬಳ.

ಒಂಬತ್ತನೆಯ ದಿನ ಹುಲಿಗೆಮ್ಮ ಕೂಗಿದಳು.
ಮಾನ್ವಿ ಕಡೆಯವಳು, ಹೋದ ತಿಂಗಳವರೆಗೆ ಮೆಟ್ರೋ ಕಂಬಕ್ಕೆ ಮಣ್ಣು ಹೊತ್ತವಳು.
ಬ್ರಶ್ಶು ಬದಿಗಿಟ್ಟು ಸೆರಗಿನಿಂದಲೇ ಒರೆಸಿದ್ದಳು ಒಂದು ಚಪ್ಪಡಿ,
ಕಿತ್ತವರು ಯಾಕೋ ಬಿಟ್ಟುಹೋದ ಹೊಸ್ತಿಲು.
ನಡುವೆ ಎರಡು ತಗ್ಗು, ಹೆಚ್ಚೇನೂ ಆಳವಿಲ್ಲ.
"ಒಳ್ಳು ಅಲ್ರೀ ಇದು. ತಡೀರಿ."
ಚಪ್ಪಲಿ ಬಿಟ್ಟಳು. ನಿಂತಳು.
ಹಿಮ್ಮಡಿ ಕೂತಿತು, ಬೆರಳು ಕೂತವು.
"ನನ್ನ ಅಳತೀನ ಐತ್ರೀ!"

ನೆತ್ತಿ ಸುಡುವ ಬಿಸಿಲು. ಲೋಟ ಮೇಲೆಲ್ಲೋ ಉಳಿದಿತ್ತು.
ಅಲ್ಲಿಂದ ಕದಲದೆ ಬೊಗಸೆ ಹಿಡಿದಳು, ಕ್ಯಾನು ಬಗ್ಗಿಸಿ ನೀರು ಹೊಯ್ದೆ.
ಅರ್ಧ ಕುಡಿದಳು, ಅರ್ಧ ಮುಖಕ್ಕೆ.

ನಕ್ಷೆಯಲ್ಲಿ ಬರೆದೆ: ಹೊಸ್ತಿಲು, ಸವೆದದ್ದು, ಉತ್ತರಕ್ಕೆ ಮುಖ.
ಪಕ್ಕದಲ್ಲಿ ಒಂದು ಒದ್ದೆ ಕಲೆ,
ಪದರದ ಸಂಖ್ಯೆ ಇಲ್ಲದ್ದು.
ಒಣಗುವ ಮುಂಚೆ ಅದನ್ನೂ ಅಳೆದೆ.