ಎಲ್ಲಾರ್ಕಿಂತ

ಸೋನಾಪುರದ ಆ ಖೋಲಿಯಲ್ಲಿ ಕರಿಹಲಗೆ ಇಲ್ಲ.
ಫ್ರಿಜ್ಜಿನ ಬಾಗಿಲ ಮೇಲೆ ಮಾರ್ಕರಿನಿಂದ ಬರೆಯುತ್ತೇನೆ,
ರಜೆಯ ದಿನ, ಅಸರಿನ ಬಾಂಗು ಮುಗಿದ ಮೇಲೆ.
ಯಾರಾದರೂ ಮಜ್ಜಿಗೆಗೆಂದು ಬಾಗಿಲು ತೆಗೆದರೆ
ಪಾಠ ಗೋಡೆಯ ಕಡೆ ಮುಖ ತಿರುಗಿಸುತ್ತದೆ.

ವಾರವೆಲ್ಲ ನಾನು ಕುಸೈಸಿನ ಟೈಪಿಂಗ್ ಸೆಂಟರಿನ ಗುಮಾಸ್ತ,
ಕುಮಟೆಯ ಕಡೆಯವನು,
ಕಂಡವರ ಅರ್ಜಿ ತುಂಬಿ ಬೆರಳು ಸವೆಸಿದವನು.
ಇಲ್ಲಿ ಮಾತ್ರ ಮೇಷ್ಟ್ರು.

ಇವತ್ತು ಮೂರನೆಯ ಮೆಟ್ಟಿಲು, ಎಂದೆ.
ಮೂರಂತಸ್ತಿನ ಮಂಚ ತೋರಿಸಿದೆ.
ಹೈ ಎಂಬುದನ್ನು ಕೆಳಗಿನ ಸಾಬಣ್ಣನಿಗೆ ಕೊಟ್ಟೆ,
ಪಾಪ, ಅವನಿಗೂ ಏನಾದರೂ ಸಿಗಬೇಕಲ್ಲ.
ನಡುವಿನ ಆಳಂದದ ಲಾಡ್ಲೇಸಾಬ ಹೈಯರ್.
ಎದ್ದು ಕೂತರೆ ಸೂರಿಗೆ ನೆತ್ತಿ ತಾಗುವ
ಶೀನ ಮೊಗವೀರ, ಹೈಯೆಸ್ಟ್.

ಬಿಗ್‌ಗೆ ಇನ್ನೊಂದು ಜಿ. ಹಾಟ್‌ಗೆ ಇನ್ನೊಂದು ಟಿ.
ಯಾಕ್ರೀ?
ಸೆಕೆ ಅಷ್ಟೇರಿದರೆ ಆತುಕೊಳ್ಳಲು ಇನ್ನೊಂದು ಕಂಬ ಬೇಡವೇ, ಎಂದೆ;
ಗೊತ್ತಿಲ್ಲದ್ದಕ್ಕೆ ಮೇಷ್ಟ್ರು ಹೇಳುವ ಉತ್ತರ.
ಹ್ಯಾಪಿಯ ತುದಿಯ ವೈ ಅಳಿಸಿ ಐ ಬರೆದೆ.
ಅದಕ್ಕೆ ಯಾರೂ ಏನೂ ಕೇಳಲಿಲ್ಲ.
ಉದ್ದುದ್ದ ಮಾತಿಗೆ ಬಾಲ ಅಂಟುವುದಿಲ್ಲ,
ಮುಂದೆ ಮೋಸ್ಟ್ ಕಟ್ಟಬೇಕು:
ಮೋಸ್ಟ್ ಎಕ್ಸ್‌ಪೆನ್ಸಿವ್, ಮೋಸ್ಟ್ ಡೇಂಜರಸ್.
ಡೇಂಜರಸ್ ಸಾಬಣ್ಣನಿಗೆ ಮೊದಲೇ ಬರುತ್ತಿತ್ತು.
ಅವನು ಹಗ್ಗಕ್ಕೆ ಜೋತುಬಿದ್ದು ಗಾಜು ಒರೆಸುವವನು.

‘ಜಗತ್ತಿನಾಗ ಟಾಲೆಸ್ಟ್ ಅಂತಾರಲ್ರೀ, ಅದರ ಗಾಜ ತಿಕ್ಕೀನಿ.
ಮ್ಯಾಲಿದ್ದಾಗ ಅದೊಂದ ಬಿಟ್ಟು ಎಲ್ಲಾ ಕಾಣಸ್ತದ.’

ಆಮೇಲೆ ಅವನೇ ಕೇಳಿದ:
‘ನಮ್ಮ ಮಾತಿನಾಗ ಇದಕ್ಕ ಏನಂತೀವ್ರೀ?’
ಅತಿ, ಅತ್ಯಂತ ಎಂದು ತಡವರಿಸಿದೆ, ಎಲ್ಲ ಕಡ ತಂದ ಪಾತ್ರೆಗಳು.
ಪ್ರಿಯತಮ, ಎಂದೆ.
‘ಅದು ಸಿನಿಮಾದ್ದು ಮಾರಾಯ್ರೆ’, ಶೀನ ಮೇಲಿನಿಂದಲೇ ನಕ್ಕ.
ಸಾಬಣ್ಣ ಹೇಳಿದ: ‘ಎಲ್ಲಾರ್ಕಿಂತ.’
ಎಲ್ಲಾರ್ಕಿಂತ ಎತ್ತರ. ಎಲ್ಲಾರ್ಕಿಂತ ಸಣ್ಣಾಂವ.

ಹೌದಲ್ಲ. ನಮ್ಮದಕ್ಕೆ ಬಾಲವಿಲ್ಲ.
ಒಬ್ಬನನ್ನು ಮೇಲೆ ನಿಲ್ಲಿಸಬೇಕೆಂದರೆ
ಉಳಿದವರನ್ನೆಲ್ಲ ಕರೆಯಲೇಬೇಕು,
ಅವರು ಕೆಲಸ ಬಿಟ್ಟು ಬಂದು
ಒಂದು ಮಾತಿನ ಮಟ್ಟಿಗಾದರೂ ಸಾಲಾಗಿ ನಿಲ್ಲಬೇಕು.
ಫ್ರಿಜ್ಜಿನ ಮೇಲೆ ಇದನ್ನು ಬರೆಯಲಿಲ್ಲ. ಜಾಗವಿರಲಿಲ್ಲ.

ಮಂಗಳವಾರ ಅವನು ಸೆಂಟರಿಗೆ ಬಂದ,
ಕಂಪನಿಯ ಇನ್ಶೂರೆನ್ಸ್ ಕಾಗದ ಹಿಡಿದು.
ಐದನೇ ಕಾಲಂ: ನಿಯರೆಸ್ಟ್ ರಿಲೇಟಿವ್.
ಬಾಲ ಗುರುತು ಹಿಡಿದು ಹಿಗ್ಗಿದ,
ನಿಯರ್, ನಿಯರರ್ ಎಂದು ಅಲ್ಲೇ ಒಪ್ಪಿಸಿದ.
ಯಾರ ಹೆಸರು ಹಾಕಲಿ?
‘ಲಾಡ್ಲೇಸಾಬ.’ ತಲೆಯ ಮೇಲೆ ಗೇಣೆತ್ತಿ ತೋರಿಸಿದ.
‘ಇಷ್ಟ ಮ್ಯಾಲ ಮಲಗ್ತಾನ. ಅಂವ ಕೆಮ್ಮಿದ್ರ ನನಗ ಎಚ್ಚರ.’
ಹೆಂಡತಿ?
‘ನಿಂಗವ್ವ ಹುಣಸಗಿಯಾಗ ಅದಾಳಲ್ರೀ. ಆಕಿ ಫಾರ್ದೆಸ್ಟ್.’

ಇದು ಅಳತೆಯ ಮಾತಲ್ಲ ಸಾಬಣ್ಣ, ನಂಟಿನದು, ಎಂದೆ.
‘ಹಂಗಾರ ಡಿಯರೆಸ್ಟ್ ಅಂತ ಕಾಲಂ ಇಲ್ಲೇನ್ರೀ?’
ನಾನೇ ಕಲಿಸಿದ್ದು:
ಡಿಯರ್ ಎಂದರೆ ಅಕ್ಕರೆ, ಡಿಯರ್ ಎಂದರೆ ತುಟ್ಟಿ.
ಮೊದಲ ವರ್ಷ ಅವಳ ಜೊತೆ ಮಾತಾಡಿದ ನಿಮಿಷಗಳನ್ನು
ಕಾರ್ಡಿನ ಬೆನ್ನಿಗೆ ಗೀಟು ಹಾಕಿ
ಎರಡೂ ಅರ್ಥದಲ್ಲಿ ಲೆಕ್ಕ ಇಟ್ಟವನು ಅವನು.

ಸೂಪರ್ಲೇಟಿವ್ ಎಂದರೆ ಒಂದೇ, ಎಂದೆ.
ಅದಕ್ಕೇ ಮುಂದೆ ದಿ ಹಚ್ಚುವುದು.
ಅವನು ದಿ ಎಂದೂ ಹಚ್ಚಿದವನಲ್ಲ;
ಎಷ್ಟು ಸಲ ಕೆಂಪು ಶಾಯಿಯಲ್ಲಿ ತುರುಕಿದರೂ ಬಿದ್ದುಹೋಗುತ್ತದೆ.

ನಿಂಗವ್ವ ಎಂದು ಟೈಪು ಮಾಡಿದೆ.
ಹೆಸರು ಗಿಡ್ಡ. ಮುಂದಿನ ಖಾಲಿಯಲ್ಲಿ
ಕರ್ಸರು ಮಿಟುಕುತ್ತಲೇ ಇತ್ತು.
ಸಾಬಣ್ಣ ಕೌಂಟರಿನ ಮೇಲೆ ಬಾಗಿ
ಆ ಗಾಜನ್ನೂ ಅಂಗೈಯಿಂದ ಒಮ್ಮೆ ಒರೆಸಿ ನೋಡಿದ.
‘ಇನ್ನಾ ಜಾಗ ಅದಲ್ರೀ.’

ಅವನ ಹಿಂದೆ ಟೋಕನು ಹಿಡಿದವರ ಸಾಲು
ಬಾಗಿಲು ದಾಟಿ, ಬಿಸಿಲಿನವರೆಗೂ ನಿಂತಿತ್ತು.