ಸೊನ್ನೆ ಬೇರೆ, ಖಾಲಿ ಬೇರೆ

ಅರವತ್ತೇಳನೇ ಇಸವಿ, ಕಾರ್ತಿಕ ಕಳೆದಿತ್ತು.
ಮೇಲೆ ಮಾರಿಕುಪ್ಪದಲ್ಲಿ ಕಿವಿಗೆ ಮಫ್ಲರು ಸುತ್ತುವ ಚಳಿ;
ಕೆಳಗೆ, ಮೈಲಿಗೂ ಮಿಕ್ಕಿದ ಆಳದಲ್ಲಿ,
ಬಂಡೆಯೇ ಬೆವರುವ ಸೆಕೆ.
ಅಲ್ಲಿ ನನ್ನ ಕೆಲಸ, ಪೆಟ್ಟಿಗೆಗಳ ಮುಂದೆ ಕೂರುವುದು.
ಆಕಾಶದಾಚೆಯ ಯಾವುದೋ ಕಣ
ಇಷ್ಟು ಕಲ್ಲು ತೂರಿ ಬಂದು
ಮಿಣುಕ್ ಎಂದರೆ ಬರೆದುಕೊಳ್ಳುವುದು,
ಅನ್ನದಿದ್ದರೆ ಸೊನ್ನೆ.
ವಾರಗಟ್ಟಲೆ ಸೊನ್ನೆ ಬರೆದು ಸಂಬಳ ಎಣಿಸಿದವನು ನಾನು,
ಬೇತಮಂಗಲದ ಸೀತಾಪತಿ.

ಶಾಫ್ಟಿನ ಬಾಗಿಲಲ್ಲಿ ಹರ್ನೇಕ್ ಸಿಂಗ್,
ಅಜ್ಜನ ಕಾಲದಿಂದ ಗಣಿಯ ಕಾವಲು.
ಚಿನ್ನದ ಪುಡಿಗಾಗಿ ಜೇಬು, ಬಾಯಿ, ಬುತ್ತಿಡಬ್ಬಿ ತಡಕುವ ಕೈ
ಭಾನುವಾರ ಲಂಗರಿಗೆ ಹಿಟ್ಟು ನಾದುತ್ತಿತ್ತು.
ಟೈಮಾಫೀಸಿನ ಆವಲಪ್ಪ ಯೋಗದವನು,
ಊಟದ ಹೊತ್ತಲ್ಲೂ ಮೂಗು ಹಿಡಿದವನು.
‘ಹನ್ನೆರಡು ವರ್ಷ ಕುಂಭಕ ಮಾಡು ಸಿಂಗಣ್ಣ,
ಯಾರೂ ಬಾರಿಸದ ನಾದ ಕೇಳುತ್ತೆ.’
‘ನಾದೋದಾ? ಅದು ನಂಗೆ ಚೆನ್ನಾಗಿ ಬರುತ್ತೆ!’
ಬಂಗಾರಪೇಟೆ ಸಂತೆಯಲ್ಲಿ ಕಲಿತ ಕನ್ನಡ ಅವನದು.
ನಕ್ಕು, ಆಮೇಲೆ ಗಡ್ಡ ನೀವಿಕೊಂಡು:
‘ನಮ್ಮಲ್ಲೂ ಅದಕ್ಕೆ ಹೆಸರುಂಟು, ಅನ್‌ಹದ್.
ಆದರೆ ಉಸಿರು ಬಿಗಿಹಿಡಿದು
ಗೇಟು ದಾಟಿಸೋ ಮಾಲಲ್ಲ ಅದು.
ಅವನು ಕೊಟ್ಟರೆ ಉಂಟು.’
‘ಉಸಿರನ್ನೇ ಕಾಯದವನು ಗೇಟು ಕಾದು ಏನು ಬಂತು?’
ಆವಲಪ್ಪನೂ ಬಿಡುವವನಲ್ಲ.

ಒಂದು ದಿನ ಕೆಳಗಿನ ಬೀಗ ನೋಡಲು ಸಿಂಗೂ ಇಳಿದ,
ಹಾಜರಿಪುಸ್ತಕ ಹಿಡಿದು ಆವಲಪ್ಪನೂ.
ನಡುದಾರಿಯಲ್ಲಿ ಕೇಜು ನಿಂತಿತು.
ಮೇಲೊಂದು ಗಂಟೆ ಬಾರಿಸಿದ್ದು ಅಸ್ಪಷ್ಟ.
ಬ್ಯಾಟರಿ ಉಳಿಯಲಿ ಎಂದು ದೀಪ ಆರಿಸಿದೆವು.

ಕತ್ತಲೆ ಅಂದರೆ ಕಣ್ಣು ಮುಚ್ಚಿದ ಹಾಗಲ್ಲ,
ಕಣ್ಣೇ ಇರಲಿಲ್ಲವೇನೋ ಅನ್ನುವ ಹಾಗೆ.
ನಾನು ಎಣಿಸುತ್ತಿದ್ದೆ, ಏನನ್ನು ಅಂತ ತಿಳಿಯದೆ.
ಹಲ್ಲು ಕಟಕಟ, ಆ ಸೆಕೆಯಲ್ಲಿ.
ಆವಲಪ್ಪ ನನ್ನ ಕೈ ಹುಡುಕಿ ತನ್ನ ಹೊಟ್ಟೆಯ ಮೇಲಿಟ್ಟ:
‘ಇದರ ಜೊತೆ ಬಾ. ಏಳುವಾಗ ಏಳು, ಇಳಿಯುವಾಗ ಇಳಿ.’
ಬಂದೆ. ಹಲ್ಲು ನಿಂತವು.
ಈ ಕಡೆ ಗಡ್ಡದೊಳಗೆ ಪಿಸುಮಾತು,
‘ವಾಹೆ’ ಒಳಗೆ, ‘ಗುರು’ ಹೊರಗೆ,
ನಮ್ಮಿಬ್ಬರ ಉಸಿರಿನದೇ ಲಯ ಅದಕ್ಕೂ.
ಯಾರು ಯಾರನ್ನು ಅನುಸರಿಸಿದರೋ ಕಾಣೆ.

ಆಮೇಲೆ ಬಟ್ಟೆಯ ಗಂಟು ಬಿಚ್ಚಿದ ಸದ್ದು.
ರೊಟ್ಟಿ. ಶ್ರೀನಿವಾಸಪುರದ ಮಾವು, ಸಾಸಿವೆ ಎಣ್ಣೆಯ ಉಪ್ಪಿನಕಾಯಿ,
ಮೂಗಿಗೆ ಹೊಡೆಯಿತು ಪ್ರಪಂಚ.
ಹರಿದ ತುಂಡುಗಳನ್ನು ಬೆರಳಿನಿಂದ ಅಳೆದು,
ದೊಡ್ಡದು ಯಾವುದೋ ಅದನ್ನು ಮತ್ತೆ ಮುರಿದು,
ಕೊಟ್ಟ. ‘ನಾದಿದ್ದು ಇದು, ಆವಲಪ್ಪ,’ ಅಂದ.
ಆವಲಪ್ಪ ಎಂಜಲು ಬೆರಳು ಚೀಪಿದ್ದು ನನಗೆ ಕೇಳಿಸಿತು.

ಅಗಿಯುವುದು ಮುಗಿದ ಮೇಲೆ
ಇನ್ನೊಂದು ಕೇಳಿಸಿತು.
ಪಂಪು ಇರಬಹುದು. ನೀರು ಜಿನುಗುವುದಿರಬಹುದು.
ಕಿವಿಯೊಳಗಿನ ನನ್ನ ರಕ್ತವೇ ಇರಬಹುದು.
‘ಕೇಳಿತಾ?’ ಅನ್ನಲಿಲ್ಲ ಯಾರೂ.
ಕೇಜು ಜಗ್ಗಿ ಅಲ್ಲಾಡಿತು.

ದೊಡ್ಡ ಸಾಹೇಬರು ಮೊದಲ ದಿನವೇ ಹೇಳಿದ್ದರು:
ನೋಡಿ, ಏನೂ ಕಾಣದಿದ್ದರೆ ಸೊನ್ನೆ ಬರಿ.
ನೋಡದೇ ಇದ್ದರೆ ಖಾಲಿ ಬಿಡು.
ಸೊನ್ನೆ ಬೇರೆ, ಖಾಲಿ ಬೇರೆ.
ಐವತ್ತು ನಿಮಿಷದ ಆ ಮನೆಯ ಮೇಲೆ
ಲೇಖನಿ ಹಿಡಿದು ತುಂಬ ಹೊತ್ತು ಕೂತೆ.
‘ಕೇಜು ತಡ’ ಎಂದಷ್ಟೇ ಬರೆದೆ.
ವಾರದ ಮೇಲೆ ಸಿಂಗ್ ಬಂದು ಪುಟದ ಮೇಲೆ ಬೆರಳಿಟ್ಟು,
ಅಕ್ಷರ ಬಾರದವನು, ಓದಿಸಿಕೊಂಡು ಕೇಳಿದ:
‘ರೊಟ್ಟಿ ಬರೆದಿಲ್ಲ?’

ಗಣಿ ಮುಚ್ಚಿ, ಶಾಫ್ಟಿಗೆ ನೀರು ತುಂಬಿದೆ ಈಗ.
ಇಲ್ಲಿ ಬರೆಯುತ್ತಿದ್ದೇನೆ, ಹರ್ನೇಕ್:
ಒಂದೂವರೆ ರೊಟ್ಟಿ, ಮೂರು ಜನ.